ಗ್ಲೌಸು ಹಾಕಿದ ಕೈಗೆ ಹದಿನಾರು ಅಕ್ಷರ

ಕೆಲವರು ಕೋಟೆಯನ್ನು ಕತ್ತಿ ಹಿಡಿದು ಕಾಯುತ್ತಾರೆ, ಕೆಲವರು ಕುದುರೆ ಏರಿ ಕಾಯುತ್ತಾರೆ. ಐಸಕ್ಕ ತನ್ನ ಕೋಟೆಯನ್ನು ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಹಾಸಿಗೆಯಷ್ಟು ದಪ್ಪದ ಕೋಟು, ಎರಡು ಜೊತೆ ಕಾಲುಚೀಲ, ಕಣ್ಣು ಮೂಗು ಮಾತ್ರ ಕಾಣುವ ಮಂಗನ ಟೋಪಿ ಹಾಕಿಕೊಂಡು ಕಾಯುತ್ತಿದ್ದಳು. ಕೋಟೆಯ ಹೆಸರು ನಾಲ್ಕನೇ ಕೋಣೆ. ಊರಂಚಿನ ದೊಡ್ಡ ಕೋಲ್ಡ್ ಸ್ಟೋರೇಜಿನ ಐದು ಕೋಣೆಗಳಲ್ಲಿ ಅತಿ ತಣ್ಣನೆಯದು ಅದು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಲ್ಲಿ ಬಟಾಣಿ ಗೋಲಿಯಾಗುತ್ತದೆ, ಮೀನು ಹಲಗೆಯಾಗುತ್ತದೆ, ಐಸ್‌ಕ್ರೀಮು ಇಟ್ಟಿಗೆಯಾಗುತ್ತದೆ. ಮನುಷ್ಯ ಹತ್ತು ನಿಮಿಷ ಸುಮ್ಮನೆ ನಿಂತರೆ ಅವನೂ ಏನಾದರೊಂದು ಆಗುತ್ತಾನೆ.

ಅವಳು ಅಲ್ಲಿಗೆ ಬಂದದ್ದು ಮೂವತ್ತನೇ ವಯಸ್ಸಿನಲ್ಲಿ, ಪೆಟ್ಟಿಗೆ ಹೊರುವ ಕೆಲಸಕ್ಕೆ. ಇಂಗ್ಲಿಷ್ ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಪೆಟ್ಟಿಗೆಯ ಮೈಮೇಲೆ. ಮೀನಿನ ಪೆಟ್ಟಿಗೆಯಿಂದ ನಾಲ್ಕು ಅಕ್ಷರ, ಬಟಾಣಿ ಪೆಟ್ಟಿಗೆಯಿಂದ ಮೂರು, ‘ಈ ಮಗ್ಗುಲು ಮೇಲಿರಲಿ’ ಎಂಬಂಥ ಎಚ್ಚರಿಕೆಗಳಿಂದ ಉಳಿದವು. ಆರನೇ ವರ್ಷ ಒಂದು ದಿನ, ಅಂಟಿಕೊಂಡಿದ್ದ ಚೀಟಿಯೊಂದನ್ನು ಕೀಳಲು ಬಲಗೈ ಗ್ಲೌಸನ್ನು ಒಂದೇ ಒಂದು ಗಳಿಗೆ ತೆಗೆದಳು. ಎರಡು ಬೆರಳಿನ ತುದಿ ಸುಣ್ಣದಂತೆ ಬೆಳ್ಳಗಾಯಿತು. ಡಾಕ್ಟರು ನೋಡಿ, “ಇನ್ನೊಂದು ಸಲ ಒಳಗಡೆ ಗ್ಲೌಸ್ ತೆಗೆದ್ರೆ ಬೆರಳೂ ಅದರ ಜೊತೆಗೇ ಬರುತ್ತಮ್ಮ” ಎಂದರು. ಅಂದಿನಿಂದ ಗ್ಲೌಸು ಅವಳ ಎರಡನೇ ಚರ್ಮ. ಹತ್ತನೇ ವರ್ಷ ಕೋಣೆಯ ಮುಖ್ಯಸ್ಥೆಯಾದಳು. ಈಗ ಇಪ್ಪತ್ತೆರಡು ವರ್ಷ. ಯಾವ ಪೆಟ್ಟಿಗೆ ಯಾವ ಸಾಲಿನ ಯಾವ ಅಟ್ಟದಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡೇ ಬೆರಳು ತೋರಿಸುತ್ತಾಳೆ.

ಕೋಣೆಯೊಳಗೆ, ಬಾಗಿಲ ಪಕ್ಕದ ಕಂಬಕ್ಕೆ ಅಂಟಿಕೊಂಡು, ಒಂದು ಕಂಪ್ಯೂಟರ್ ಇತ್ತು. ಅದು ಆಕಾಶದಿಂದ ಉದುರಿದ್ದಲ್ಲ. ಮೊದಲು ಪೆಟ್ಟಿಗೆಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಮೇಲಿನ ಆಫೀಸಿಗೆ ಕಳಿಸಬೇಕಿತ್ತು. ಅಲ್ಲಿ ಅವರು ಅದನ್ನು ಕಂಪ್ಯೂಟರಿಗೆ ಹಾಕುವಷ್ಟರಲ್ಲಿ ಐದನೇ ಸಾಲು ಆರನೇ ಸಾಲಾಗಿ, ಐಸ್‌ಕ್ರೀಮ್ ಅಂಗಡಿಗೆ ಮೀನು ಹೋಗಿ, ಅಂಗಡಿಯವನು ಫೋನಿನಲ್ಲಿ ಆಡಿದ ಮಾತಿಗೆ ತಂತಿಯೇ ಬಿಸಿಯಾಗಿತ್ತು. “ಪೆಟ್ಟಿಗೆ ಇಡೋ ಕೈನೇ ಅದನ್ನ ಬರೀಬೇಕು” ಎಂದು ಐಸಕ್ಕ ಮೂರು ವರ್ಷ ಗೋಗರೆದು, ಜಗಳವಾಡಿ, ಕೊನೆಗೆ ಚಳಿ ತಡೆಯುವ ಪೆಟ್ಟಿಗೆಯೊಳಗೆ ಆ ಕಂಪ್ಯೂಟರನ್ನು ಇಳಿಸಿಕೊಂಡಿದ್ದಳು. ಆಮೇಲೆ ಮೀನು ಮೀನಿನ ಅಂಗಡಿಗೇ ಹೋಗುತ್ತಿತ್ತು. ಅದನ್ನು ನೋಡಿ ಮಿಕ್ಕ ನಾಲ್ಕು ಕೋಣೆಗಳಿಗೂ ಒಂದೊಂದು ಕಂಪ್ಯೂಟರ್ ಬಂತು.

ಹೀಗೆ ರಾಜ್ಯ ಸುಭಿಕ್ಷವಾಗಿರುವಾಗ ಪಾಸ್‌ವರ್ಡ್ ಎಂಬ ಶನಿ ವಕ್ಕರಿಸಿತು.

ಹೊಸ ನಿಯಮ ಬಂತು. ಎಲ್ಲರಿಗೂ ಸ್ವಂತ ಪಾಸ್‌ವರ್ಡ್ ಇರಬೇಕು. ಕನಿಷ್ಠ ಹನ್ನೆರಡು ಅಕ್ಷರ. ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರಬೇಕು. ಗೋಡೆಗೆ ಅಂಟಿಸಬಾರದು, ಇನ್ನೊಬ್ಬರಿಗೆ ಹೇಳಬಾರದು. ಮೂರು ಸಲ ತಪ್ಪಿದರೆ ಒಂದು ಗಂಟೆ ಕಂಪ್ಯೂಟರಿನ ಬಾಗಿಲು ಬಂದ್. ಇದನ್ನು ಬರೆದ ಪುಣ್ಯಾತ್ಮ ಬಹುಶಃ ಬೆಚ್ಚಗಿನ ಕೋಣೆಯಲ್ಲಿ ಬರಿಗೈಯಲ್ಲಿ ಕೂತಿದ್ದ. ನಾಲ್ಕನೇ ಕೋಣೆಯ ಗ್ಲೌಸಿನ ಒಂದೊಂದು ಬೆರಳೂ ಬಾಳೆಹಣ್ಣಿನ ಗಾತ್ರ. ಒಂದು ಗುಂಡಿ ಒತ್ತಲು ಹೋದರೆ ಅಕ್ಕಪಕ್ಕದ ಎರಡು ಗುಂಡಿಗಳೂ ಮದುವೆಗೆ ಕರೆಯದೆ ಬಂದ ನೆಂಟರಂತೆ ಒಳಗೆ ನುಗ್ಗುತ್ತವೆ.

ಐಸಕ್ಕ ಮೊದಲ ವಾರದಲ್ಲಿ ಹನ್ನೊಂದು ಸಲ ಬಾಗಿಲಾಚೆ ಉಳಿದಳು. ಹನ್ನೆರಡನೇ ಸಲ ಬುದ್ಧಿ ಓಡಿಸಿದಳು. ಕೀಬೋರ್ಡಿನಲ್ಲಿ ಬಾಳೆಹಣ್ಣಿಗೂ ಒಲಿಯುವ ಜಾಗಗಳು ಯಾವುವು? ಕೆಳಸಾಲಿನ ಎಡತುದಿಯ ಝಡ್, ಅದಕ್ಕೆ ಒಂದೇ ಪಕ್ಕಕ್ಕೆ ಅಕ್ಷರದ ನೆರೆ. ಬಲತುದಿಯ ಅಂಕಿಗಳ ಕೇರಿಯಲ್ಲಿ ಎರಡು ಗುಂಡಿಯಷ್ಟು ಅಗಲದ ಸೊನ್ನೆ. ಅದರಾಚೆ ಎರಡು ಗುಂಡಿಯಷ್ಟು ಉದ್ದದ ಪ್ಲಸ್ ಚಿಹ್ನೆ. ದೊಡ್ಡಕ್ಷರಕ್ಕೆ ಎಡಗಡೆ ಹಲಗೆಯಂತಿರುವ ಕ್ಯಾಪ್ಸ್ ಲಾಕ್ ಗುಂಡಿ. ಆಯಿತಲ್ಲ! ಮೂರು ದೊಡ್ಡ ಝಡ್, ಮೂರು ಚಿಕ್ಕ ಝಡ್, ಮೂರು ಸೊನ್ನೆ, ಮೂರು ಪ್ಲಸ್. ಲೆಕ್ಕಕ್ಕೆ ಹನ್ನೆರಡು, ನಿಯಮಕ್ಕೆ ನಾಲ್ಕು ಜಾತಿಯೂ ಹಾಜರು. ಕಂಪ್ಯೂಟರು ‘ಬಲಿಷ್ಠ’ ಎಂದು ಹಸಿರು ಪಟ್ಟಿ ತೋರಿಸಿತು. ಐಸಕ್ಕ ಅಂದು ಮನೆಗೆ ಗೆದ್ದ ಎತ್ತಿನಂತೆ ಬಂದಳು.

ಎರಡು ತಿಂಗಳ ಮೇಲೆ ಮುಖ್ಯ ಕಚೇರಿಯಿಂದ ಪರೀಕ್ಷಕನೊಬ್ಬ ಬಂದ. ಸಣಕಲು ಆಸಾಮಿ. ಕಂಪನಿಯ ಪಾಸ್‌ವರ್ಡುಗಳನ್ನು ಕಂಪನಿಯ ಅಪ್ಪಣೆಯಿಂದಲೇ ಕದ್ದು ತೋರಿಸುವುದು ಅವನ ಉದ್ಯೋಗ. ಫೋರ್ಕ್‌ಲಿಫ್ಟ್ ಓಡಿಸುತ್ತ ಒಂದನೇ ಕೋಣೆಯನ್ನೂ ನೋಡಿಕೊಳ್ಳುವ ತರುಣ, ಎಲ್ಲರೂ ಸಾರಥಿ ಎಂದು ಕರೆಯುವವನು, ಅವನಿಗೆ ನಿಂತ ಕಾಲಲ್ಲೇ ‘ಸಂಬಳದ ಕಳ್ಳ’ ಎಂದು ನಾಮಕರಣ ಮಾಡಿದ. ಸಂಬಳದ ಕಳ್ಳ ಬೆಳಗ್ಗೆಯೆಲ್ಲ ಕೋಣೆಯ ಗಾಜಿನ ಕಿಟಕಿಯಾಚೆ ಕಾಫಿ ಲೋಟ ಹಿಡಿದು ನಿಂತಿದ್ದ. ಮಧ್ಯಾಹ್ನ ಎಲ್ಲರನ್ನೂ ಮ್ಯಾನೇಜರ ಕೋಣೆಗೆ ಕರೆಸಿದರು.

“ನಾಲ್ಕನೇ ಕೋಣೆ ಎರಡನೇ ಪ್ರಯತ್ನಕ್ಕೇ ತೆರೀತು. ಕೈ ಆರು ಸಲ ಎಡಕ್ಕೆ ಹೋಯ್ತು, ಆರು ಸಲ ಬಲಕ್ಕೆ ಹೋಯ್ತು. ಮಿಕ್ಕಿದ್ದು ಮಕ್ಕಳಾಟ” ಎಂದ ಪರೀಕ್ಷಕ, ಬಿಳಿ ಹಲಗೆಯ ಮೇಲೆ ಆ ಹನ್ನೆರಡನ್ನೂ ಬರೆದ.

ಐಸಕ್ಕನಿಗೆ ನಡುಬೀದಿಯಲ್ಲಿ ಸೆರಗು ಜಾರಿದಂತಾಯಿತು. ಅಷ್ಟರಲ್ಲಿ ಹಿಂದಿನಿಂದ ಗುಡುಗು ಬಂತು. ಮೂರನೇ ಕೋಣೆಯ ಮುಖ್ಯಸ್ಥ ಮೀಸೆಯಣ್ಣ. ಅವನ ಮೀಸೆಗೆ ಬೆಳಗ್ಗೆ ಹತ್ತಕ್ಕೆಲ್ಲ ಹಿಮ ಕಟ್ಟಿ ಮಧ್ಯಾಹ್ನದ ಊಟಕ್ಕೆ ಕರಗುತ್ತಿತ್ತು.

“ಐಸಕ್ಕಾ! ನನ್ನ ಪಾಸ್‌ವರ್ಡ್ ಕದ್ದಿದ್ದೀಯಲ್ಲ! ಇಪ್ಪತ್ತು ವರ್ಷದ ಸ್ನೇಹ!”

“ನಿನ್ನದಾ? ನನ್ನ ತಲೆ ಒಡೆದು ಮಾಡಿದ್ದು ನಾನು! ನೀನು ಗಾಜಲ್ಲಿ ಇಣುಕಿ ನೋಡಿ ಇಟ್ಕೊಂಡಿದ್ದೀಯ!”

“ನಾನು ಇಣುಕೋದಾ? ನನ್ನ ಕನ್ನಡಕಕ್ಕೆ ಮಂಜು ಹಿಡಿದ್ರೆ ನನ್ನ ಕಾಲೇ ನನಗೆ ಕಾಣಲ್ಲ!”

“ಅಕ್ಕಾ, ಅಣ್ಣಾ, ಸ್ವಲ್ಪ ತಡೀರಿ,” ಎಂದ ಸಾರಥಿ ತಲೆ ಕೆರೆಯುತ್ತ. “ಅದು... ನಂದೂ ಅದೇ.”

ಪರೀಕ್ಷಕ ಲ್ಯಾಪ್‌ಟಾಪಿನಲ್ಲಿ ಅದೇ ಹನ್ನೆರಡನ್ನು ಒತ್ತಿ ನೋಡಿದ. ಎರಡನೇ ಕೋಣೆ ತೆರೆಯಿತು. ಐದನೇ ಕೋಣೆಯೂ ತೆರೆಯಿತು. ಯಾರೂ ಯಾರದ್ದನ್ನೂ ಕದ್ದಿರಲಿಲ್ಲ. ಐದು ಕೋಣೆಯಲ್ಲಿ ಐದು ತಲೆ ಬೇರೆ ಬೇರೆಯಾಗಿ ಯೋಚಿಸಿ, ಒಂದೇ ಅಳತೆಯ ಗ್ಲೌಸಿನ ಪುಣ್ಯದಿಂದ ಒಂದೇ ಗುಂಡಿಗಳಿಗೆ ಬಂದು ಮುಟ್ಟಿದ್ದವು, ಎಡದಿಂದ ಬಲಕ್ಕೆ, ಮೂರು ಮೂರರಂತೆ. ಸಾಮ್ರಾಜ್ಯವೊಂದರ ಐದೂ ಕೋಟೆಗಳಿಗೆ ಒಂದೇ ಬೀಗದ ಕೈ, ಅದೂ ಹೊಸ್ತಿಲ ಮೇಲೇ.

ಮ್ಯಾನೇಜರರಿಗೆ ನಗುವೂ ಬಂತು, ಸಿಟ್ಟೂ ಬಂತು. ನಗು ಬೇಗ ಹೋಯಿತು. “ಸಾಕು. ಒಳಗಿರೋ ಕಂಪ್ಯೂಟರ್‌ಗಳನ್ನೆಲ್ಲ ಮೇಲಿನ ಆಫೀಸಿಗೆ ತರೋಣ. ಪಟ್ಟಿ ಅಲ್ಲೇ ಹಾಕ್ಲಿ. ನೀವು ಪೆಟ್ಟಿಗೆ ನೋಡ್ಕೊಳ್ಳಿ, ಅಷ್ಟೆ.”

ಐಸಕ್ಕನಿಗೆ ಆ ‘ಅಷ್ಟೆ’ ಚಳಿಗಿಂತ ಚುರುಕಾಗಿ ತಾಗಿತು. ಕಂಪ್ಯೂಟರ್ ಮೇಲಕ್ಕೆ ಹೋದರೆ ಮತ್ತೆ ಕಾಗದ, ಮತ್ತೆ ಐದನೇ ಸಾಲು ಆರನೇ ಸಾಲು. ತನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಪಕ್ಕದ ಮನೆಯವರನ್ನು ಕೇಳಿಕೊಂಡು ಬರುವ ಬಾಳು.

“ಹತ್ತು ದಿನ ಕೊಡಿ ಸಾರ್,” ಎಂದಳು. “ಇವರು ಮತ್ತೆ ಬರ್ಲಿ. ಗ್ಲೌಸ್ ಹಾಕ್ಕೊಂಡೇ, ಒಳಗೇ ನಿಂತು, ಒಂದು ನಿಮಿಷದೊಳಗೆ ತೆಗೀತೀನಿ. ಆಮೇಲೆ ಸಂಜೆವರೆಗೂ ಇವರು ಮುರೀಲಿ. ಮುರಿದ್ರೆ ಕಂಪ್ಯೂಟರನ್ನ ನಾನೇ ಹೊತ್ಕೊಂಡು ಬಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ.”

“ಮುರೀದಿದ್ರೆ?” ಎಂದ ಪರೀಕ್ಷಕ.

“ನಾಲ್ಕನೇ ಕೋಣೇದು ನಾಲ್ಕನೇ ಕೋಣೇಲೇ ಇರುತ್ತೆ. ಮಿಕ್ಕ ಕೋಣೆಯವರಿಗೂ ನಾನೇ ಕಲಿಸ್ತೀನಿ.”

ಮೀಸೆಯಣ್ಣ ಮೀಸೆಯೊಳಗೇ, “ದೇವರೇ ಕಾಪಾಡಬೇಕು” ಎಂದ. ಮ್ಯಾನೇಜರು ಒಪ್ಪಿದರು.

ಅಂದು ಸಂಜೆ ಐಸಕ್ಕ ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕೀಬೋರ್ಡೊಂದನ್ನೂ ಒಂದು ಜೊತೆ ಗ್ಲೌಸನ್ನೂ ಕೇಳಿಕೊಂಡು ಮನೆಗೆ ತಂದಳು. ಸೆಕೆಗಾಲ. ಅಡುಗೆಮನೆಯ ಮೇಜಿನ ಮುಂದೆ, ಮೊಣಕೈವರೆಗೆ ಗ್ಲೌಸು ಏರಿಸಿ, ಬೆವರಿನಲ್ಲಿ ತೊಯ್ದು, ತಂತಿಗೆ ಏನೂ ಸಿಕ್ಕಿಸದ ಕೀಬೋರ್ಡನ್ನು ಕುಟ್ಟುತ್ತ ಕೂತ ಸೊಸೆಯನ್ನು ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

“ಚಳಿಯಲ್ಲಿ ಬೆರಳಿಗೆ ಆಗಿದ್ದು ಈಗ ತಲೆಗೂ ಆಗಿದೆಯೇನೇ?”

“ಯಾವ ಗುಂಡಿ ಮಾತು ಕೇಳುತ್ತೆ ಅಂತ ನೋಡ್ತಿದ್ದೀನಿ ಅತ್ತೆ.”

“ಮೂವತ್ತು ವರ್ಷದಿಂದ ನಾನೂ ಹುಡುಕ್ತಿದ್ದೀನಿ, ಈ ಮನೇಲಿ ಯಾರು ಮಾತು ಕೇಳ್ತಾರೆ ಅಂತ. ಸಿಕ್ಕಿದ್ರೆ ಹೇಳು.”

ಐಸಕ್ಕ ಹಟ ಹಿಡಿದರೆ ಉಡದ ಪಟ್ಟು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕೀಬೋರ್ಡಿನ ಚಿತ್ರ ಬರೆದಳು. ಮೊದಲು ತೋರುಬೆರಳ ತುದಿಯಿಂದ ಒತ್ತಿ ನೋಡಿದಳು, ಸೋಲು. ಹೆಬ್ಬೆರಳಿನಿಂದ ನೋಡಿದಳು, ದೊಡ್ಡ ಸೋಲು. ಎರಡನೇ ದಿನ ಕಿರುಬೆರಳನ್ನು ಒಳಕ್ಕೆ ಬಾಗಿಸಿದಾಗ ಗ್ಲೌಸಿನ ಹೊಲಿಗೆ ಮಡಿಸಿಕೊಂಡು ಗಿಳಿಯ ಕೊಕ್ಕಿನಂತೆ ಚೂಪಾದ ಮೂಲೆಯೊಂದು ಎದ್ದಿತು. ಆ ಕೊಕ್ಕಿನಿಂದ ಪ್ರತಿ ಗುಂಡಿಯನ್ನೂ ಇಪ್ಪತ್ತು ಸಲ ಕುಕ್ಕಿದಳು. ಇಪ್ಪತ್ತರಲ್ಲಿ ಒಂದೇ ಒಂದು ಸಲ ಪಕ್ಕದ ಗುಂಡಿ ಅಲುಗಿದರೂ ಆ ಗುಂಡಿಗೆ ಕಾಟು. ಕರುಣೆ ಇಲ್ಲ, ಮೇಲ್ಮನವಿ ಇಲ್ಲ.

ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಬರುವ ಚಿಹ್ನೆಗಳನ್ನು ಕುಕ್ಕುವ ಮೊದಲೇ ಗಡಿಪಾರು ಮಾಡಿದಳು. ಆಶ್ಚರ್ಯಸೂಚಕಗಳು, ನಕ್ಷತ್ರಗಳು, ಡೊಂಕುಬಾಲದವು ಎಲ್ಲ ಸಾಲಾಗಿ ಹೊರಗೆ ಹೋದವು. ಅವಳಿ ಮುಖದವರಲ್ಲಿ ಒಬ್ಬರನ್ನೇ ಉಳಿಸಿಕೊಂಡಳು. ‘ಓ’ ಅಕ್ಷರವೂ ಸೊನ್ನೆಯೂ ಒಂದೇ ಗರ್ಭದಲ್ಲಿ ಹುಟ್ಟಿದಂತಿವೆ, ಬರೆದಿಟ್ಟು ಕಲಿಯುವಾಗ ಯಾವುದು ಯಾವುದೆಂದು ತಿಳಿಯದೆ ಮೋಸವಾಗುತ್ತದೆ. ಓ ಹೊರಗೆ, ಸೊನ್ನೆ ಒಳಗೆ. ‘ಎಲ್’ ಮತ್ತು ಒಂದು, ಅದೇ ಕತೆ, ಎಲ್ ಹೊರಗೆ. ನಾಲ್ಕನೇ ದಿನದ ಸಂಜೆಗೆ ರಣರಂಗದಲ್ಲಿ ಉಳಿದವರು ಹತ್ತೊಂಬತ್ತು ಮಂದಿ: ಹದಿಮೂರು ಅಕ್ಷರ, ನಾಲ್ಕು ಅಂಕಿ, ಎರಡು ಚಿಹ್ನೆ.

“ಹತ್ತೊಂಬತ್ತೇನಾ?” ಎಂದು ಅವಳೇ ಸಪ್ಪಗಾದಳು. ಗ್ಲೌಸಿಲ್ಲದ ಬರಿಗೈಯವರಿಗೆ ನೂರರ ಹತ್ತಿರ ಸಿಗುತ್ತವೆ.

ಗಂಡ ಆಗ ತಾನೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ಅವನು ಬೀಗ ರಿಪೇರಿಯವನು, ಪೇಟೆಯ ತಿರುವಿನಲ್ಲಿ ಒಂದು ಪೆಟ್ಟಿಗೆಯಂಗಡಿ. ಜನ ಮರೆತ ಸೂಟ್‌ಕೇಸುಗಳ ನಂಬರು ಬೀಗ ತೆಗೆದುಕೊಡುವುದರಲ್ಲಿ ಎತ್ತಿದ ಕೈ.

“ಗುಂಡಿ ಕಮ್ಮಿ ಇದ್ರೆ ಉದ್ದ ಜಾಸ್ತಿ ಮಾಡು” ಎಂದ. “ಮೂರು ಚಕ್ರದ ಬೀಗಕ್ಕೆ ಇನ್ನೊಂದು ಚಕ್ರ ಸೇರಿಸಿದ್ರೆ ಕಳ್ಳನಿಗೆ ಒಂದು ಪಟ್ಟಲ್ಲ ಕಷ್ಟ, ಹತ್ತು ಪಟ್ಟು. ನಿನ್ನದ್ರಲ್ಲಿ ಹತ್ತೊಂಬತ್ತು ಪಟ್ಟು. ನಾಲ್ಕು ಚಕ್ರ ಸೇರಿಸು, ಆ ಮನುಷ್ಯ ಮುದುಕ ಆಗ್ತಾನೆ.”

“ಹನ್ನೆರಡರ ಬದಲು ಹದಿನಾರು.”

“ಹೂಂ. ಆದ್ರೆ ನೀನೇ ಆರಿಸಬೇಡ.”

“ಯಾಕ್ರೀ? ನಂಗೆ ಬುದ್ಧಿ ಇಲ್ವಾ?”

“ಇದೆ, ಅದೇ ತೊಂದರೆ. ನಾನು ಸೂಟ್‌ಕೇಸ್ ಹೇಗೆ ತೆಗೀತೀನಿ ಅಂದ್ಕೊಂಡಿದ್ದೀಯ, ಮಂತ್ರ ಹಾಕಿನಾ? ಯಜಮಾನನ್ನ ಕೂರಿಸಿ ನಾಲ್ಕು ಮಾತಾಡಿಸ್ತೀನಿ. ಮಗಳು ಹುಟ್ಟಿದ ವರ್ಷ, ಮನೆ ನಂಬರು, ಇಲ್ಲಾಂದ್ರೆ ಒಂದು ಎರಡು ಮೂರು. ಮನುಷ್ಯನ ಮನಸ್ಸು ಆರಿಸಿದ್ದನ್ನ ಇನ್ನೊಬ್ಬ ಮನುಷ್ಯನ ಮನಸ್ಸು ಹುಡುಕುತ್ತೆ. ನಿಮ್ಮ ಐದು ಜನರ ಕತೆ ನೋಡಿಲ್ವಾ.”

ಐಸಕ್ಕ ಎದ್ದು ಹೋಗಿ ಹತ್ತೊಂಬತ್ತು ಚೀಟಿ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಬರೆದು, ಒಂದೇ ಅಳತೆಗೆ ಮಡಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ಚೀಟಿ ಎತ್ತುವ ಕೆಲಸ ಅತ್ತೆಗೆ. ಕಣ್ಣು ಮುಚ್ಚಿ ಎತ್ತಬೇಕು, ಬಿಚ್ಚಬಾರದು. ಸೊಸೆ ನೋಡಿ ಬರೆದುಕೊಂಡು, ಮಡಿಸಿ, ಮತ್ತೆ ಡಬ್ಬಿಗೇ ಹಾಕಿ ಕುಲುಕಬೇಕು.

“ವಾಪಸ್ ಯಾಕೆ ಹಾಕ್ತೀಯ?”

“ಒಂದ್ಸಲ ಬಂದದ್ದು ಇನ್ನೊಂದ್ಸಲ ಬರಬಾರದು ಅಂತ ಏನಿಲ್ಲವಲ್ಲ ಅತ್ತೆ.”

“ಏನು ಬಂತು ಅಂತ ನಂಗೂ ಒಂಚೂರು ತೋರಿಸೇ.”

“ಊಹೂಂ.”

“ನಿನ್ನ ಗಂಡನ್ನ ಹೆತ್ತೋಳು ನಾನು!”

“ಅದು ಬೇರೆ ಇಲಾಖೆ ಅತ್ತೆ.”

ಹದಿನಾರು ಮುಗಿಯಿತು. ನೋಡಿದರೆ ಇಡೀ ಸಾಲಿನಲ್ಲಿ ಒಂದೂ ಚಿಹ್ನೆ ಬಿದ್ದಿಲ್ಲ. ನಿಯಮಕ್ಕೆ ಚಿಹ್ನೆ ಬೇಕೇ ಬೇಕು. “ಕೊನೇದನ್ನ ಒಂದು ತೆಗೆದು ಪ್ಲಸ್ ಹಾಕ್ಕೊಂಡ್ರಾಯ್ತು” ಎಂದು ಮನಸ್ಸು ಪಿಸುಗುಟ್ಟಿತು. ಐಸಕ್ಕ ಆ ಮನಸ್ಸಿನ ಕಿವಿ ಹಿಂಡಿದಳು. ಕೊನೆಯಲ್ಲಿ ಪ್ಲಸ್ ಹಾಕುವುದು ಜಗತ್ತಿಗೆಲ್ಲ ಹೊಳೆಯುತ್ತದೆ. ಹದಿನಾರನ್ನೂ ಹರಿದು ಹಾಕಿ ಮೊದಲಿಂದ ಶುರು ಮಾಡಿದಳು. ಅತ್ತೆ, “ನನ್ನ ಕೈಗೆ ಕೂಲಿ ಕೊಡು” ಎಂದು ಗೊಣಗುತ್ತಲೇ ಮತ್ತೆ ಹದಿನಾರು ಎತ್ತಿದರು. ಈ ಬಾರಿ ಒಂದೇ ಅಕ್ಷರ ಬೆನ್ನು ಬೆನ್ನಿಗೆ ಎರಡು ಸಲ ಬಂತು. ಐಸಕ್ಕ ಹೊಡೆದುಹಾಕಲು ಪೆನ್ನು ಎತ್ತಿದಳು. ಚೆನ್ನಾಗಿ ಕಾಣುವುದಿಲ್ಲ, ಬದಲಾಯಿಸಲೇ? ಬದಲಾಯಿಸಲಿಲ್ಲ. ಚೆನ್ನಾಗಿ ಕಾಣುವುದಕ್ಕೆ ಅದೇನು ಮದುವೆ ಹೆಣ್ಣೇ? ಚಿಹ್ನೆ ಇತ್ತು, ಅಂಕಿ ಇತ್ತು. ನಾಲ್ಕು ನಾಲ್ಕರಂತೆ ನಾಲ್ಕು ಗುಂಪು ಮಾಡಿ, ಯಾವ ಗುಂಪನ್ನು ದೊಡ್ಡಕ್ಷರದಲ್ಲಿ ಒತ್ತಬೇಕೆಂದು ಇನ್ನೊಂದು ಚೀಟಿ ಎತ್ತಿಸಿದಳು.

ಇನ್ನು ಅದನ್ನು ತಲೆಗೆ ಇಳಿಸಬೇಕು. ತಲೆ ಬುಡವಿಲ್ಲದ ಹದಿನಾರು. ದಿನಕ್ಕೊಂದು ಗುಂಪಿನಂತೆ ಕಲಿತಳು. ಹಲ್ಲುಜ್ಜುವಾಗ ಮೊದಲ ಗುಂಪು, ಬಸ್ಸಿನಲ್ಲಿ ಮೊದಲನೆಯದರ ಜೊತೆ ಎರಡನೆಯದು. ಬಾಯಲ್ಲಿ ಅಲ್ಲ, ಬಾಯಿಗೆ ಬೀಗ. ತೊಡೆಯ ಮೇಲೆ ಕಿರುಬೆರಳು ಬಾಗಿಸಿ ಕುಕ್ಕುತ್ತಿದ್ದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಎರಡು ದಿನ ನೋಡಿ ಮೂರನೇ ದಿನ ಸೀಟು ಬದಲಾಯಿಸಿದಳು. ಬರೆದ ಕಾಗದವನ್ನು ಸಣ್ಣ ಪರ್ಸಿನಲ್ಲಿ ಮೈಗಂಟಿಸಿಕೊಂಡೇ ಇದ್ದಳು, ಹಣವನ್ನೂ ಅಷ್ಟು ಜೋಪಾನ ಮಾಡಿರಲಿಲ್ಲ. ಎಂಟನೇ ದಿನ ಕೆಲಸದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದಳು. ಮೊದಲ ಸಲ ನಲವತ್ತು ಸೆಕೆಂಡು. ಒಂಬತ್ತನೇ ದಿನದ ಕೊನೆಗೆ ಇಪ್ಪತ್ತನಾಲ್ಕು. ಮನೆಗೆ ಬಂದು ಕಾಗದವನ್ನು ಒಲೆಗೆ ಹಿಡಿದಳು. ಅತ್ತೆ ಓಡಿ ಬರುವಷ್ಟರಲ್ಲಿ ಬೂದಿ.

ಹತ್ತನೇ ದಿನ ಸಂಬಳದ ಕಳ್ಳ ಬಂದ, ಕೈಯಲ್ಲಿ ಅದೇ ಕಾಫಿ ಲೋಟ. ಮ್ಯಾನೇಜರರ ಕೈಯಲ್ಲಿ ಗಡಿಯಾರ. ಮೀಸೆಯಣ್ಣ, ಸಾರಥಿ, ಎರಡನೆಯ ಮತ್ತು ಐದನೆಯ ಕೋಣೆಯವರು, ಎಲ್ಲ ಗಾಜಿಗೆ ಮೂಗು ಒತ್ತಿ ನಿಂತರು. ಐಸಕ್ಕ ಒಳಗೆ ಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತಳು. ಆ ಕೋಟಿನ ಹಿಂದೆ ಕೀಬೋರ್ಡ್ ಏನು, ಒಂದು ಎಮ್ಮೆಯನ್ನೇ ಬಚ್ಚಿಡಬಹುದಿತ್ತು.

“ಶುರು ಮಾಡಿ” ಎಂದರು ಮ್ಯಾನೇಜರು.

ಕೊಕ್ಕು ಕುಕ್ಕಿತು. ಮೊದಲ ಗುಂಪು, ಎರಡನೆಯದು, ಮೂರನೆಯದು, ನಾಲ್ಕನೆಯದು. ಇಪ್ಪತ್ತೈದು ಸೆಕೆಂಡು. ತೆರೆಯುವ ಗುಂಡಿ ಒತ್ತಿದಳು.

ಪರದೆಯ ಮೇಲೆ ಕೆಂಪು ಅಕ್ಷರ: ತಪ್ಪು.

ಗಾಜಿನಾಚೆ ಸಾರಥಿ ತಲೆ ಮೇಲೆ ಕೈ ಹೊತ್ತ. ಮೂರು ಸಲ ಅವಕಾಶವಿತ್ತು, ಆದರೆ ಸಮಯ ಒಂದು ನಿಮಿಷ. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಲ್ಲಿ ಮತ್ತೆ ಒತ್ತಲು ಶುರು ಮಾಡುತ್ತಿದ್ದರು. ಅವಳು ಒತ್ತಲಿಲ್ಲ. ತನ್ನ ಬೆರಳನ್ನು ನೋಡಿದಳು. ಒಂದೊಂದು ಗುಂಡಿಯನ್ನೂ ಇಪ್ಪತ್ತು ಸಲ ಕುಕ್ಕಿ ಪಾಸಾದ ಬೆರಳು ಇದು. ಬೆರಳು ತಪ್ಪಿಲ್ಲ. ನೆನಪೂ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಕೀಬೋರ್ಡು. ಕ್ಯಾಪ್ಸ್ ಲಾಕ್ ಹಾಕಿದ್ದರೆ ಮೂಲೆಯಲ್ಲಿ ಸಣ್ಣ ದೀಪವೊಂದು ಉರಿಯಬೇಕು. ಆ ಮೂಲೆಯಲ್ಲಿ ಹಿಮ ಕಟ್ಟಿತ್ತು. ಗ್ಲೌಸಿನ ಅಂಚಿನಿಂದ ಕೆರೆದಳು. ಹಿಮದಡಿಯಲ್ಲಿ ದೀಪ ಮಿಣಮಿಣನೆ ಉರಿಯುತ್ತಿತ್ತು! ಬೆಳಗ್ಗೆ ಇಲ್ಲಿ ಪೆಟ್ಟಿಗೆ ಇಳಿಸಿದ ಸಾರಥಿ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಹಾಕಿ, ಕ್ಯಾಪ್ಸ್ ಲಾಕ್ ಹಾಗೇ ಬಿಟ್ಟು ಹೋಗಿದ್ದ. ದೊಡ್ಡದೆಲ್ಲ ಚಿಕ್ಕದಾಗಿ, ಚಿಕ್ಕದೆಲ್ಲ ದೊಡ್ಡದಾಗಿ ಬಿದ್ದಿತ್ತು.

ಹಲಗೆ ಗುಂಡಿಯನ್ನು ಒತ್ತಿದಳು. ದೀಪ ಆರಿತು.

“ಮೂವತ್ತನಾಲ್ಕು” ಎಂದು ಮ್ಯಾನೇಜರರ ದನಿ ಗಾಜಿನಾಚೆಯಿಂದ ಮಸುಕಾಗಿ ಕೇಳಿತು.

ಕೊಕ್ಕು ಮತ್ತೆ ಹೊರಟಿತು. ಅವಸರವಿಲ್ಲ, ಸೋಮಾರಿತನವೂ ಇಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಹೇಗೋ ಹಾಗೆ. ಹದಿನಾರನೆಯದು ಒತ್ತಿ, ತೆರೆಯುವ ಗುಂಡಿ ಒತ್ತಿದಳು. ಪರದೆಯ ತುಂಬ ನಾಲ್ಕನೇ ಕೋಣೆಯ ಸಾಲುಗಳು ತೆರೆದುಕೊಂಡವು.

“ಐವತ್ತೆಂಟು!” ಎಂದು ಕೂಗಿದವನು ಮ್ಯಾನೇಜರಲ್ಲ, ಮೀಸೆಯಣ್ಣ.

ಇನ್ನು ಪರೀಕ್ಷಕನ ಸರದಿ. ನೀನು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವ ಜಾತಿ. ಮೊದಲು ಮೂಲೆಗಳನ್ನು ಒತ್ತಿ ನೋಡಿದ. ಆಮೇಲೆ ಐಸಕ್ಕ ಹುಟ್ಟಿದ ವರ್ಷ, ಗಂಡನ ಅಂಗಡಿಯ ನಂಬರು, ಐಸು, ಬಟಾಣಿ, ಮೀನು. ಮೂರು ಸಲಕ್ಕೊಮ್ಮೆ ಕಂಪ್ಯೂಟರು ಅವನನ್ನೂ ಒಂದು ಗಂಟೆ ಬಾಗಿಲಾಚೆ ನಿಲ್ಲಿಸಿತು. ಸಂಬಳದ ಕಳ್ಳನಿಗೂ ವಿನಾಯಿತಿ ಬೇಡ ಎಂದು ಐಸಕ್ಕ ಮೊದಲೇ ಷರತ್ತು ಹಾಕಿದ್ದಳು. ಮಧ್ಯಾಹ್ನ ಅವನು ಕೊನೆಯ ಅಸ್ತ್ರ ತೆಗೆದ. ಅವಳ ಮನೆಗೆ ಫೋನ್ ಮಾಡಿ, “ಕಂಪ್ಯೂಟರ್ ವಿಭಾಗದಿಂದ ಮಾತಾಡ್ತಿದ್ದೀವಿ, ನಿಮ್ಮ ಸೊಸೆಯವರ ಪಾಸ್‌ವರ್ಡ್ ಸ್ವಲ್ಪ ಬೇಕಿತ್ತು” ಎಂದ.

“ಬನ್ನಿ ಬನ್ನಿ, ಕೇಳಿ ನನ್ನ ಕಷ್ಟಾನ!” ಎಂದರು ಅತ್ತೆ ಆ ಕಡೆಯಿಂದ, ಪಕ್ಕದ ಮೇಜಿನ ಗುಮಾಸ್ತೆಗೂ ಕೇಳುವಷ್ಟು ಗಟ್ಟಿಯಾಗಿ. “ಮೂವತ್ತಮೂರು ಸಲ ಎತ್ತಿದ್ದು ಈ ಕೈ! ಒಂದು ಸಲ ನೋಡೋಕೆ ಬಿಟ್ಟಳಾ? ಕಾಗದ ಸುಟ್ಟಳು! ನಿಮಗೆ ಗೊತ್ತಾದ್ರೆ ನಂಗೂ ಒಂದು ಫೋನ್ ಮಾಡಿ ಹೇಳಪ್ಪಾ, ಪುಣ್ಯ ಬರುತ್ತೆ. ಅಂದ ಹಾಗೆ ನನ್ನ ಮಂಡಿನೋವಿಗೆ ನಿಮ್ಮ ವಿಭಾಗದಲ್ಲಿ ಏನಾದ್ರೂ...”

ಅವನು ಫೋನ್ ಇಡಲು ಇಪ್ಪತ್ತು ನಿಮಿಷ ಬೇಕಾಯಿತು.

ಐದು ಗಂಟೆಗೆ ಎಲ್ಲರೂ ನಾಲ್ಕನೇ ಕೋಣೆಯ ಬಾಗಿಲಿಗೆ ಬಂದರು. ಐಸಕ್ಕ ಒಳಗಿನಿಂದ ಬಾಗಿಲು ತೆರೆದು ನಿಂತಳು. ಪರೀಕ್ಷಕನ ಟೈ ಸಡಿಲವಾಗಿತ್ತು.

“ಸೋತೆ ಅಮ್ಮಾ. ಒಂದೇ ಒಂದು ಸುಳಿವು ಹೇಳಿ, ಅದರ ಅರ್ಥ ಏನು?”

“ಅದಕ್ಕೆ ಅರ್ಥ ಇಲ್ಲ ಸಾರ್. ಅರ್ಥ ಇದ್ದಿದ್ರೆ ನೀವು ಹುಡುಕಿಬಿಡ್ತಿದ್ರಿ.”

ಮ್ಯಾನೇಜರು ಕೆಮ್ಮಿ, ಕಂಪ್ಯೂಟರ್ ಇದ್ದಲ್ಲೇ ಇರಲಿ ಎಂದರು. ಮಿಕ್ಕ ಕೋಣೆಗಳದ್ದೂ ಇರಲಿ, ಆದರೆ ಐಸಕ್ಕ ಒಬ್ಬೊಬ್ಬರಿಗೂ ಕಲಿಸಬೇಕು ಎಂದರು. ಮೀಸೆಯಣ್ಣ ಮುಂದೆ ಬಂದು, “ಹಾಗಾದ್ರೆ ನಂಗೂ ಒಂದು ಒಳ್ಳೇದು ಮಾಡಿಕೊಡು ತಾಯಿ” ಎಂದ.

“ನಾನು ಮಾಡಿಕೊಟ್ರೆ ಅದು ನನ್ನದಾಗುತ್ತೆ. ನಿನ್ನ ಗುಂಡಿ ನೀನೇ ಕುಕ್ಕಿ ನೋಡಬೇಕು, ನಿನ್ನ ಬೆರಳು ಯಾವುದಕ್ಕೆ ಒಗ್ಗುತ್ತೋ ಅದು. ನಾಳೆ ಬೆಳಗ್ಗೆ ಎಂಟಕ್ಕೆ ಬಾ. ಎಂಟು ಅಂದ್ರೆ ಎಂಟು.” ಆಮೇಲೆ ಮ್ಯಾನೇಜರ ಕಡೆ ತಿರುಗಿದಳು. “ಸಾರ್, ಆ ಕ್ಯಾಪ್ಸ್ ಲಾಕ್ ದೀಪದ ಮೇಲೆ ಹಿಮ ಕಟ್ಟದ ಹಾಗೆ ಕೀಬೋರ್ಡ್ ಪೆಟ್ಟಿಗೆಗೆ ಹೀಟರ್ ಹಾಕಿಸಬೇಕು. ಐದೂ ಕೋಣೆಗೆ.”

“ನೋಡೋಣ.”

“ನೋಡೋಣ ಅಂದ್ರೆ ಮುಂದಿನ ವರ್ಷ ಆಗುತ್ತೆ ಸಾರ್. ಈಗಲೇ ಬರ್ಕೊಳ್ಳಿ.”

ಮ್ಯಾನೇಜರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಬರೆದದ್ದನ್ನು ಐಸಕ್ಕ ಬಗ್ಗಿ ಓದಿ, ಸರಿ ಎಂದು ತಲೆಯಾಡಿಸಿದಳು. ತೆರೆದ ಬಾಗಿಲಿಂದ ಬಿಳಿಯ ಮಂಜು ಎಲ್ಲರ ಕಾಲಡಿಯಲ್ಲಿ ಹರಿದು ಓಣಿಯ ತುಂಬ ಹಬ್ಬುತ್ತಿತ್ತು.

“ಚಳಿ ಎಲ್ಲ ಹೊರಗೆ ಹೋಗ್ತಿದೆ. ಒಳಗೆ ಬರೋರು ಬನ್ನಿ, ಇಲ್ಲದವರು ಆಚೆ ನಿಲ್ಲಿ” ಎಂದು ಅವಳು ಬಾಗಿಲೆಳೆದಳು. ಸಂಜೆಯ ಲಾರಿಯಲ್ಲಿ ಬಂದ ಇನ್ನೂರ ನಲವತ್ತು ಪೆಟ್ಟಿಗೆ ಬಟಾಣಿ ಇನ್ನೂ ಸಾಲಿಗೆ ಏರಬೇಕಿತ್ತು.